ಬಸುರಿಯ ಕೈ ಜೋಮು ಹಿಡಿದರೆ

ಬಸುರಿಯ ಕಾಲು ಊದಿದರೆ ಎಲ್ಲರೂ ವಿಚಾರಿಸುತ್ತಾರೆ, ಕೈ ನೋವನ್ನು ಯಾರೂ ಕೇಳುವುದಿಲ್ಲ. ನನ್ನ ಎರಡನೇ ಬಸಿರಿನ ಏಳನೇ ತಿಂಗಳಲ್ಲಿ ನಡುರಾತ್ರಿ ಎದ್ದು ಕೂತು ಕೈ ಕೊಡವುತ್ತಿದ್ದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಚುಚ್ಚಿದ ಹಾಗೆ ಆಗುತ್ತಿತ್ತು. ಕಿರುಬೆರಳು ಮಾತ್ರ ಆರಾಮಾಗಿತ್ತು. ಡಾಕ್ಟರಿಗೆ ಗುಟ್ಟು ಹೇಳಿದ್ದೇ ಆ ಕಿರುಬೆರಳು. ಬಸಿರಿನಲ್ಲಿ ಮೈಯಲ್ಲಿ ನೀರು ನಿಲ್ಲುತ್ತದೆ. ಮಣಿಕಟ್ಟಿನ ಒಳಗಿನ ಇಕ್ಕಟ್ಟು ಜಾಗದಲ್ಲಿ ಹಾದುಹೋಗುವ ನರ ಆಗ ಅದುಮಿಕೊಳ್ಳುತ್ತದೆ. ಕಿರುಬೆರಳಿನ ನರದ ದಾರಿ ಬೇರೆ. ಇದಕ್ಕೆ ಕಾರ್ಪಲ್ ಟನಲ್ ತೊಂದರೆ ಅಂತ ಹೆಸರು.

ರಾತ್ರಿಯೇ ಯಾಕೆ ಜಾಸ್ತಿ? ನಿದ್ದೆಯಲ್ಲಿ ಕೈ ಮಡಚಿ ಕೆನ್ನೆಯಡಿ ಇಟ್ಟುಕೊಳ್ಳುತ್ತೇವೆ ಅಲ್ವಾ, ಅದಕ್ಕೇ. ಹಾಗಾಗಿ ಎಣ್ಣೆ ತಿಕ್ಕುವುದಕ್ಕಿಂತ ಮಣಿಕಟ್ಟು ನೇರ ಇಡುವುದು ಮುಖ್ಯ. ಅದಕ್ಕೆಂದೇ ಸ್ಪ್ಲಿಂಟ್ ಅನ್ನುವ, ಮಣಿಕಟ್ಟು ಬಾಗದಂತೆ ಹಿಡಿಯುವ ಪಟ್ಟಿ ಸಿಗುತ್ತದೆ, ಮಲಗುವಾಗ ಕಟ್ಟಿಕೊಳ್ಳಿ. ಬಿಗಿ ಬೇಡ, ಪಟ್ಟಿಯಡಿ ಒಂದು ಬೆರಳು ತೂರಬೇಕು. ನಾನಂತೂ ಮೊದಲ ದಿನ ಬಿಗಿಯಾಗಿ ಕಟ್ಟಿಕೊಂಡು, ಇದರಿಂದ ಏನೂ ಪ್ರಯೋಜನ ಇಲ್ಲ ಅಂತ ಬೈದುಕೊಂಡಿದ್ದೆ!

ಹಗಲಲ್ಲಿ ಬಟ್ಟೆ ಹಿಂಡುವ ಕೆಲಸ ಬೇರೆಯವರಿಗೆ ಬಿಡಿ. ಕೈ ಮಡಚಿ ಗಂಟೆಗಟ್ಟಲೆ ಫೋನ್ ಹಿಡಿಯಬೇಡಿ. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು 10 ನಿಮಿಷ ಸುತ್ತಿಟ್ಟರೆ ಹಾಯೆನಿಸುತ್ತದೆ. ಉಂಗುರ ಸಡಿಲ ಇರುವಾಗಲೇ ತೆಗೆದಿಡಿ, ಆಮೇಲೆ ಸೋಪು ಹಚ್ಚಿ ಎಳೆದಾಡುವ ಪಾಡು ಬೇಡ. ಊತ ಇದೆ ಅಂತ ನೀರು ಕುಡಿಯುವುದನ್ನು ಮಾತ್ರ ಕಡಿಮೆ ಮಾಡಬೇಡಿ.

ನೋವಿನ ಮಾತ್ರೆಯನ್ನು ಸುಮ್ನೆ ನುಂಗಬೇಡಿ. ಐಬುಪ್ರೊಫೇನ್‌ನಂಥವು ಬಸಿರಿನಲ್ಲಿ, ಅದರಲ್ಲೂ 20 ವಾರದ ನಂತರ, ಮಗುವಿಗೆ ಒಳ್ಳೆಯದಲ್ಲ. ಕೈ, ಮುಖ ಇದ್ದಕ್ಕಿದ್ದಂತೆ ಊದಿದರೆ, ಜೋರು ತಲೆನೋವು ಬಂದರೆ ಅಥವಾ ಕಣ್ಣು ಮಂಜಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ಅದು ಬಿಪಿ ಏರಿದ ಲಕ್ಷಣ ಇರಬಹುದು. ಕೈಯಿಂದ ಲೋಟ ಜಾರತೊಡಗಿದರೂ, ಜೋಮು ಹಗಲಿಡೀ ಇದ್ದರೂ ಡಾಕ್ಟರಿಗೆ ತೋರಿಸಿ.

ಹೆಚ್ಚಿನವರಿಗೆ ಹೆರಿಗೆಯಾದ ಕೆಲವು ವಾರ, ತಿಂಗಳಲ್ಲಿ ಇದು ತಾನಾಗಿ ಇಳಿಯುತ್ತದೆ. ಆಗ ಹೆಬ್ಬೆರಳಿನ ಬುಡದಲ್ಲಿ ಇನ್ನೊಂದು ನೋವು ಶುರುವಾಗಬಹುದು, ಅದು ಮಗು ಎತ್ತುವ ರೀತಿಯಿಂದ ಬರುವಂಥದ್ದು. ಹೆಬ್ಬೆರಳು ಅಗಲಿಸಿ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಒಂದು ಅಂಗೈ ಕುತ್ತಿಗೆಯಡಿ, ಇನ್ನೊಂದು ಕುಂಡೆಯಡಿ ಕೊಟ್ಟು, ಮೊಳಕೈ ಬಾಗಿಸಿ ಎದೆಗೆ ಒತ್ತಿಕೊಂಡು ಎತ್ತಿ.