ದತ್ತು ಮಗುವನ್ನು ಅಮೆರಿಕಕ್ಕೆ ಕರೆತರುವಾಗ: ಟಿಕೆಟ್ ಯಾವಾಗ, ರಜೆ ಹೇಗೆ

ಕರ್ನಾಟಕದ ಒಂದು ದತ್ತು ಸಂಸ್ಥೆಯಿಂದ ಮಗಳನ್ನು ಅಮೆರಿಕದ ಮನೆಗೆ ಕರೆತರುವಾಗ ನಾವು ಹಿಡಿದುಕೊಂಡ ನಿಯಮ ಒಂದೇ: ಹೊರಡುವ ದಿನವನ್ನು ಪಂಚಾಂಗ ನೋಡಿ ಅಲ್ಲ, ಕೈಗೆ ಬಂದ ಕಾಗದ ನೋಡಿ ಗೊತ್ತುಮಾಡುವುದು. "ಮುಂದಿನ ತಿಂಗಳು ಆಗಿಬಿಡುತ್ತೆ" ಎಂಬ ಮಾತನ್ನು ನಂಬಿ ಟಿಕೆಟ್ ಕೊಂಡರೆ ದುಡ್ಡು ಹೋಗುತ್ತದೆ, ರಜೆಯೂ ಕರಗುತ್ತದೆ.

ಮೊದಲು ಅಮೆರಿಕದ ವಲಸೆ ಇಲಾಖೆಯಿಂದ ಐ-800ಎ ಮಂಜೂರಾತಿ, ಅಂದರೆ ನಾವು ದತ್ತು ಪಡೆಯಲು ಅರ್ಹರೆಂಬ ಒಪ್ಪಿಗೆ. ಆಮೇಲೆ ಭಾರತದ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರವಾದ ಕಾರಾ ಮೂಲಕ ಮಗುವಿನ ವಿವರ ಬರುತ್ತದೆ. 96 ಗಂಟೆಯೊಳಗೆ ಕಾಯ್ದಿರಿಸಿ, ವೈದ್ಯಕೀಯ ವರದಿಯನ್ನು ಮಕ್ಕಳ ವೈದ್ಯರಿಗೆ ತೋರಿಸಿ, 30 ದಿನದೊಳಗೆ ಒಪ್ಪಿಗೆಗೆ ಸಹಿ ಹಾಕಬೇಕು. ಬಳಿಕ ಆ ಮಗುವಿಗಾಗಿಯೇ ಹಾಕುವ ಐ-800 ಅರ್ಜಿಯ ತಾತ್ಕಾಲಿಕ ಮಂಜೂರಾತಿ, ಡಿಎಸ್-260 ವೀಸಾ ಅರ್ಜಿ, ಅಮೆರಿಕದ ರಾಯಭಾರ ಕಚೇರಿಯಿಂದ ಅಂತರರಾಷ್ಟ್ರೀಯ ದತ್ತಿನ ಹೇಗ್ ಒಪ್ಪಂದದ 5ನೇ ವಿಧಿಯ ಪತ್ರ (ದತ್ತು ಮುಂದುವರಿಸಬಹುದೆಂಬ ಒಪ್ಪಿಗೆ), ಕಾರಾದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಜಿಲ್ಲಾಧಿಕಾರಿಯ ದತ್ತು ಆದೇಶ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ದತ್ತು ಹೇಗ್ ಒಪ್ಪಂದದಂತೆಯೇ ನಡೆದಿದೆ ಎಂಬ ಕನ್ಫರ್ಮಿಟಿ ಸರ್ಟಿಫಿಕೇಟ್. ಕೊನೆಗೆ ದೆಹಲಿಯಲ್ಲಿ ವೈದ್ಯಕೀಯ ತಪಾಸಣೆ ಮತ್ತು ವೀಸಾ ಸಂದರ್ಶನ. ಈ ಸರದಿಯನ್ನು ತಪ್ಪಿಸಬೇಡಿ. 5ನೇ ವಿಧಿಯ ಪತ್ರ ಬರುವ ಮೊದಲೇ ದತ್ತು ಆದೇಶ ಮಾಡಿಸಿಕೊಂಡರೆ ಐ-800 ತಿರಸ್ಕಾರವಾಗಬಹುದು. ಆತುರಪಟ್ಟು ಈ ಗುಂಡಿಗೆ ಬಿದ್ದರೆ ಮೇಲೇಳುವುದು ಬಹಳ ಕಷ್ಟ.

ಕಾಯುವ ದಿನಗಳಲ್ಲಿ ಮಾಡಬೇಕಾದ ದೊಡ್ಡ ಕೆಲಸ ಅವಧಿಗಳ ಲೆಕ್ಕ ಇಡುವುದು. ಐ-800ಎ ಮಂಜೂರಾತಿ 15 ತಿಂಗಳು ನಡೆಯುತ್ತದೆ, ಬೆರಳಚ್ಚೂ ಅಷ್ಟೇ. ವಿಸ್ತರಣೆಗೆ ಸಪ್ಲಿಮೆಂಟ್ 3 ಅರ್ಜಿಯನ್ನು ಮುಕ್ತಾಯಕ್ಕೆ 90 ದಿನ ಇರುವಾಗಿನಿಂದ ಹಾಕಬಹುದು, ಮುಗಿದ ಮೇಲೆ ಹಾಕಲಾಗದು. ಅದರ ಜೊತೆ ಗೃಹ ಅಧ್ಯಯನ ವರದಿಯ ಪರಿಷ್ಕರಣೆಯೂ ಬೇಕು, ಸಮಾಜ ಕಾರ್ಯಕರ್ತರಿಗೆ ಮನೆಗೆ ಬಂದು ಹೋಗಲು ಸಮಯ ಬೇಕು. ಹಾಗಾಗಿ ನಾವು ಐದು ತಿಂಗಳು ಇರುವಾಗಲೇ ಅವರಿಗೆ ಫೋನ್ ಮಾಡಿದೆವು. ಈ ನಡುವೆ ಮನೆ, ಕೆಲಸ ಅಥವಾ ಮನೆಯಲ್ಲಿರುವವರು ಬದಲಾದರೆ ಅದನ್ನೂ ತಿಳಿಸಬೇಕು. ನಮ್ಮ ಪಾಸ್‌ಪೋರ್ಟ್, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡುಗಳ ವಿವರವೂ ನಮ್ಮ ಅವಧಿಗಳ ಪಟ್ಟಿಯಲ್ಲಿ ಇತ್ತು.

ಅತಿ ಹೆಚ್ಚು ತಡವಾಗಬಹುದಾದ ಜಾಗ ಜಿಲ್ಲಾಧಿಕಾರಿ ಕಚೇರಿ. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ನ್ಯಾಯಾಲಯದ ಬದಲು ಅಲ್ಲೇ ಆಗುತ್ತದೆ. ಬಾಲನ್ಯಾಯ ಕಾಯ್ದೆಯ ಪ್ರಕಾರ ಅರ್ಜಿ ಸಲ್ಲಿಸಿದ ಎರಡು ತಿಂಗಳೊಳಗೆ ಮುಗಿಯಬೇಕು. ಆದರೆ ಜಿಲ್ಲಾಧಿಕಾರಿಗಳೇ ಜಿಲ್ಲಾ ಚುನಾವಣಾಧಿಕಾರಿಯೂ ಹೌದು. ಚುನಾವಣೆ ಬಂದರೆ, ನೆರೆ ಬಂದರೆ ಕಡತ ಕಾಯುತ್ತದೆ. ಸಂಸ್ಥೆಯವರನ್ನು ದಿನಾ ಕೇಳುವುದರಿಂದ ಏನೂ ಸಾಗುವುದಿಲ್ಲ. ವಾರಕ್ಕೊಮ್ಮೆ, ಒಂದೇ ಪ್ರಶ್ನೆ: "ಕಡತ ಈಗ ಯಾರ ಮೇಜಿನ ಮೇಲಿದೆ, ಅವರಿಗೆ ನಮ್ಮಿಂದ ಏನು ಬೇಕು?"

ಆದೇಶಕ್ಕೆ ಸಹಿ ಬೀಳುವ ಮುಂಚೆ ಕರಡಿನ ಹೆಸರುಗಳನ್ನು ಅಕ್ಷರ ಅಕ್ಷರ ನೋಡಿ. ನಮ್ಮಲ್ಲಿ ಇನಿಷಿಯಲ್ ಬರೆಯುವ ರೂಢಿ. ಅಮೆರಿಕನ್ ಪಾಸ್‌ಪೋರ್ಟಿನಲ್ಲಿ ಅದೇ ಹೆಸರು ಬಿಡಿಸಿ ಬರೆದಿರುತ್ತದೆ. ಆದೇಶದಲ್ಲಿ ಒಂದು ರೀತಿ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ರೀತಿ ಆದರೆ ಪಾಸ್‌ಪೋರ್ಟ್ ನಿಲ್ಲುತ್ತದೆ, ತಿದ್ದುಪಡಿಗೆ ಮತ್ತೆ ಮೊದಲ ಕಚೇರಿಗೇ ಹೋಗಬೇಕು. ನಾವು ಮೂವರ ಹೆಸರು, ಜನ್ಮದಿನಾಂಕಗಳನ್ನು ಇಂಗ್ಲಿಷ್ ಮತ್ತು ಕನ್ನಡದಲ್ಲಿ ಒಂದು ಹಾಳೆಗೆ ಟೈಪ್ ಮಾಡಿಸಿ ಎಲ್ಲ ಕಚೇರಿಗೂ ಅದನ್ನೇ ಕೊಟ್ಟೆವು. ಕಾಗದ ಕನ್ನಡದಲ್ಲಿದ್ದರೆ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ ಆಗಲೇ ಮಾಡಿಸಿಬಿಡಿ.

ಎನ್‌ಒಸಿ ಸಿಕ್ಕ ಮೇಲೆ, ಆದೇಶ ಬಾಕಿ ಇರುವಾಗಲೇ, ಮುಚ್ಚಳಿಕೆ ಬರೆದುಕೊಟ್ಟು ಮಗುವನ್ನು ಭಾರತದೊಳಗೆ ಜೊತೆಗಿಟ್ಟುಕೊಳ್ಳಲು ಅವಕಾಶವಿದೆ. ಅಜ್ಜಿ ಮನೆ ಊರಲ್ಲೇ ಇರುವವರಿಗೆ ಇದು ನಿಜವಾದ ವರ. ಒಬ್ಬರು ಮಗುವಿನೊಂದಿಗೆ ಉಳಿದೆವು, ಇನ್ನೊಬ್ಬರು ಕೆಲಸಕ್ಕೆ ಮರಳಿ ಕೊನೆಯ ಹಂತಕ್ಕೆ ಬಂದರು. ಅಮೆರಿಕದ ಎಫ್‌ಎಂಎಲ್‌ಎ (ಕುಟುಂಬ ಮತ್ತು ವೈದ್ಯಕೀಯ ರಜೆ) ಕಾನೂನಿನಲ್ಲಿ ಅರ್ಹ ನೌಕರರಿಗೆ ದತ್ತು ಪಡೆಯಲು 12 ವಾರ ಸಂಬಳವಿಲ್ಲದ ರಜೆ ಸಿಗುತ್ತದೆ, ವಿದೇಶ ಪ್ರಯಾಣವೂ ಅದರಲ್ಲಿ ಸೇರುತ್ತದೆ. ಬಿಡಿಬಿಡಿಯಾಗಿ ತೆಗೆದುಕೊಳ್ಳಲು ಮಾತ್ರ ಮಾಲೀಕರ ಒಪ್ಪಿಗೆ ಬೇಕು. ಅದನ್ನು ಬರಹದಲ್ಲಿ ಮೊದಲೇ ಪಡೆಯಿರಿ.

ದೆಹಲಿ ಟಿಕೆಟ್ ಕೊಳ್ಳುವುದು ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ. ಮಗುವಿಗೆ 2 ವರ್ಷ ತುಂಬಿದ್ದರೆ ಕ್ಷಯದ ರಕ್ತಪರೀಕ್ಷೆ ಇರುತ್ತದೆ, ಫಲಿತಾಂಶಕ್ಕೆ ಕೆಲವು ದಿನ ಬೇಕು. ಅನುಮಾನ ಬಂದು ಕಫದ ಕಲ್ಚರ್ (ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಕೇಳಿದರೆ 8 ವಾರ. ಅದಕ್ಕೇ ತಪಾಸಣೆ ಮತ್ತು ಸಂದರ್ಶನ ಬೆನ್ನುಬೆನ್ನಿಗೆ ಇಡಬೇಡಿ, ಎರಡೂ ದೇಶಗಳ ರಜಾದಿನ ನೋಡಿ. 10 ವರ್ಷದೊಳಗಿನ ದತ್ತು ಮಗುವಿಗೆ ಲಸಿಕೆ ಬಾಕಿಯಿದ್ದರೆ, ಅಮೆರಿಕ ತಲುಪಿದ ಮೇಲೆ ಹಾಕಿಸುತ್ತೇವೆಂಬ ಪ್ರಮಾಣಪತ್ರ ಕೊಡಬಹುದು.

ಮಗುವಿನ ಅಮೆರಿಕದ ಟಿಕೆಟ್ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕಂಡ ಮೇಲೆಯೇ. ನಮ್ಮಿಬ್ಬರದು ದಿನಾಂಕ ಬದಲಿಸಬಹುದಾದ ಟಿಕೆಟ್, ಮಗಳದ್ದು ಆಮೇಲೆ ಸೇರಿಸಿದ್ದು. ಹಾರುವ ದಿನಕ್ಕೆ 2 ವರ್ಷ ತುಂಬಿದ್ದರೆ ಬೇರೆ ಸೀಟು ಕಡ್ಡಾಯ. ರಾಯಭಾರ ಕಚೇರಿಯವರು ಮುಚ್ಚಿದ ಲಕೋಟೆ ಕೊಟ್ಟರೆ ಒಡೆಯಬೇಡಿ, ಕೈಚೀಲದಲ್ಲೇ ಇರಲಿ. ಅದರ ಪಕ್ಕದಲ್ಲಿ ಮಗು ಸಂಸ್ಥೆಯಲ್ಲಿ ಕುಡಿಯುತ್ತಿದ್ದ ಅದೇ ಹಾಲಿನ ಪುಡಿ, ರಾಗಿ ಸರಿ ಹಿಟ್ಟು, ಓಆರ್‌ಎಸ್, ಅಲ್ಲಿ ಹೊದೆಯುತ್ತಿದ್ದ ಬಟ್ಟೆ. ಬಟ್ಟೆಯನ್ನು ಒಗೆಯಬೇಡಿ, ಆ ಪರಿಚಿತ ವಾಸನೆಗೇ ನಮ್ಮ ಮಗಳು ವಿಮಾನದಲ್ಲಿ ನಿದ್ದೆ ಹೋದಳು.