ಸ್ಟೂಲಿನ ಕಾಲಿಗೆ ಉಲ್ಲನ್ ಸುತ್ತಿ: ಹೊಸಬರಿಂದ ಹಬ್ಬದ ತೋರಣ ಮಾಡಿಸಿದ ನನ್ನ ಅನುಭವ

ಬನ್ನಿ ಹಂಚಿದ ದಿನದಿಂದ ದೀಪಾವಳಿ ಅಮಾವಾಸ್ಯೆಗೆ ಇರುವುದು 20 ದಿನ. ಹೋದ ವರ್ಷ ಆ 20 ದಿನದಲ್ಲಿ, ಕ್ರೋಶಾ ಕಡ್ಡಿ (ದಾರ ಹೆಣೆಯುವ ಕೊಕ್ಕೆ) ಹಿಡಿದೇ ಗೊತ್ತಿಲ್ಲದ 12 ಜನ ನಮ್ಮ ಮನೆ ಪಡಸಾಲೆಯಲ್ಲಿ ಕೂತು 64 ಬಾಗಿಲ ತೋರಣ ಮಾಡಿದರು. ಮೂರು ಉಳಿದವು, ಬಾಕಿ ಎಲ್ಲ ಮಾರಾಟ. ಧಾರವಾಡ, ಹುಬ್ಬಳ್ಳಿ ಕಡೆ ಉಲ್ಲನ್ ಕೆಲಸ ಮಾಡುವವರು ಬಹಳ ಮಂದಿ ಇದ್ದೀರಿ. ರಜೆಯಲ್ಲಿ ಹೊಸಬರಿಗೆ ಕಲಿಸಲು ಹೋಗಿ ಸಾಕಾಗಿ ಕೈಬಿಟ್ಟವರೂ ಇದ್ದೀರಿ. ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಚೈನ್ ಹೊಲಿಗೆ ಹೇಗೆ, ಸಿಂಗಲ್ ಹೊಲಿಗೆ ಹೇಗೆ ಅಂತ ಹೇಳಲು ಹೋಗಲ್ಲ, ಅದು ನಿಮಗೆ ಗೊತ್ತಿದೆ.

ಮೊದಲ ಎರಡು ವರ್ಷ ನಾನೂ ಎಲ್ಲರ ಹಾಗೆಯೇ ಕಲಿಸಿದೆ. ಮೊದಲ ದಿನ ಗಂಟು, ಎರಡನೇ ದಿನ ಚೈನ್, ಮೂರನೇ ದಿನ ಸಿಂಗಲ್, ಐದನೇ ದಿನಕ್ಕೆ ಲೋಟದ ಕೆಳಗೆ ಇಡುವ ಒಂದು ಚೌಕ. ಆ ಚೌಕ ಯಾರಿಗೂ ಚೌಕವಾಗಿ ಬರಲಿಲ್ಲ. ಸಾಲಿನ ಕೊನೆ ಹೊಲಿಗೆ ಬಿಟ್ಟು ತಿರುಗಿಸಿಬಿಡುತ್ತಾರೆ, 20ರಲ್ಲಿ ಶುರುವಾದದ್ದು ಹತ್ತು ಸಾಲು ಮುಗಿಯುವಷ್ಟರಲ್ಲಿ 13ಕ್ಕೆ ಇಳಿದಿರುತ್ತದೆ. ಕೊನೆ ಹೊಲಿಗೆಗೆ ಸೇಫ್ಟಿ ಪಿನ್ ಹಾಕಿಸಿದೆ. ಚೌಕ ಸರಿಯಾಯಿತು, ಆದರೆ ಅಷ್ಟರಲ್ಲಿ ಜನ ಹೋಗಿಬಿಟ್ಟಿದ್ದರು. ಮೊದಲ ವರ್ಷ 15 ಜನ ಬಂದವರು ವಾರದ ಕೊನೆಗೆ ನಾಲ್ಕಾದರು. ಎರಡನೇ ವರ್ಷ ಒಂಬತ್ತು ಬಂದು ಇಬ್ಬರು ಉಳಿದರು.

ದುಡ್ಡಿನ ಕಥೆ ಇನ್ನೂ ಕಷ್ಟದ್ದು. ಎಲ್ಲರಿಗೂ ನಾನೇ ಕಡ್ಡಿ ಕೊಡಿಸಿದ್ದೆ, 25 ಗ್ರಾಂನ ಚಿಕ್ಕ ಉಂಡೆಗಳನ್ನು ಬಿಡಿ ದರಕ್ಕೆ ತಂದಿದ್ದೆ. ಅರ್ಧ ಹೆಣೆದು ಬಿಟ್ಟುಹೋದದ್ದನ್ನು ಬಿಚ್ಚಿದರೆ ದಾರ ಗುಂಗುರು ಗುಂಗುರಾಗಿ ಬರುತ್ತದೆ, ಅದನ್ನು ಯಾರಿಗೆ ಮಾರುವುದು? ಎರಡು ವರ್ಷ ಸೇರಿ ನನ್ನ ಕೈಯಿಂದ ಹೋದದ್ದು 2,800 ರೂಪಾಯಿ ಹತ್ತಿರ. ನಮ್ಮ ಮನೆಯವರು ಏನೂ ಅನ್ನಲಿಲ್ಲ. ಆದರೆ ಮೂರನೇ ವರ್ಷ ನಾನು ಮತ್ತೆ ಚೀಲ ಹಿಡಿದು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿ ದುರ್ಗದ ಬೈಲಿಗೆ ಹೊರಟಾಗ "ಈ ಸಲ ಸ್ವಲ್ಪ ಕಡಿಮಿ ತಗೊಂಡು ಬಾ" ಅಂದರು. ಅದು ಮನಸ್ಸಿಗೆ ನಾಟಿತು.

ದಾರಿ ಸಿಕ್ಕಿದ್ದು ತವರಿನಲ್ಲಿ. ನನ್ನ ತವರು ಹಾನಗಲ್ ಕಡೆ. ದೀಪಾವಳಿ ಬಂತೆಂದರೆ ಹಾವೇರಿ ಜಿಲ್ಲೆಯಲ್ಲಿ ಹೋರಿ ಹಬ್ಬ ಗೊತ್ತಲ್ವಾ, ಹೋರಿ ಮೈತುಂಬ ಜೂಲ, ಕೊಬ್ಬರಿ ಸರ, ಬಲೂನು, ಗೊಂಡೆ ಅಂದರೆ ದಾರದ ಚೆಂಡು. ಕಾರಹುಣ್ಣಿಮೆಗೂ ಎತ್ತಿನ ಹಣೆಗೆ ಗೊಂಡೆ ಬೇಕೇ ಬೇಕು. ನಮ್ಮ ಕಾಕಾ ಹೊರಸು (ಹಗ್ಗದ ಮಂಚ) ಮಗುಚಿ ಹಾಕಿ, ಅದರ ಎರಡು ಕಾಲಿಗೆ ಉಲ್ಲನ್ ಸುತ್ತುತ್ತಿದ್ದರು. ಸುತ್ತಿ ಸುತ್ತಿ ಕೈದಪ್ಪ ಆದ ಮೇಲೆ ನಡುನಡುವೆ ಬಿಗಿದು ಕಟ್ಟಿ, ಕಟ್ಟುಗಳ ಮಧ್ಯೆ ಕತ್ತರಿ ಆಡಿಸಿದರೆ ಒಂದೇ ಸಲಕ್ಕೆ ಏಳೆಂಟು ಗೊಂಡೆ ಉದುರುತ್ತಿದ್ದವು. ಚಿಕ್ಕವಳಿದ್ದಾಗ ದಾರದ ಉಂಡೆ ಹಿಡಿದು ಸುತ್ತ ಓಡಾಡಿದವಳು ನಾನೇ. ಅದು ಇಷ್ಟು ವರ್ಷ ನೆನಪಿಗೆ ಬಂದಿರಲಿಲ್ಲ. ಆ ಸಲ ಕಾಕಾ ಅದನ್ನೇ ಮಾಡುತ್ತ ಕೂತಿದ್ದು ನೋಡಿದಾಗ ಹೊಳೆಯಿತು. ಹೊಸಬರಿಗೆ ಮೊದಲ ದಿನವೇ ಕಡ್ಡಿ ಕೊಡುವುದು ಏಕೆ? ಮೊದಲ ದಿನ ಮನೆಗೆ ಹೋಗುವಾಗ ಕೈಯಲ್ಲಿ ಪೂರ್ತಿ ಮುಗಿದ ಒಂದು ವಸ್ತು ಇರಬೇಕು. ನಾನು ಕಂಡುಕೊಂಡದ್ದು ಇಷ್ಟೇ, ಉಳಿದದ್ದೆಲ್ಲ ಇದರ ಹಿಂದೆ ಬಂದದ್ದು.

ಓಣಿಯಲ್ಲಿ ಹೇಳಿದರೆ ಯಾರೂ ಒಪ್ಪಲಿಲ್ಲ. ನಮ್ಮ ಅತ್ತೆ "ಎತ್ತಿಗೆ ಕಟ್ಟೂ ಗೊಂಡೆ ಬಾಗಲಕ್ಕ ಯಾರು ಕಟ್ಟತಾರವಾ?" ಅಂದರು. 40 ವರ್ಷದಿಂದ ಕ್ರೋಶಾ ಮಾಡುವ ಹಿಂದಿನ ಮನೆ ಮೌಶಿ, ನನಗೂ ಅವರೇ ಕಲಿಸಿದವರು, "ಕಡ್ಡಿ ಹಿಡೀದ ಕಲಸ್ತೀನಿ ಅಂದ್ರ ಅದು ಆಟ ಆತು, ಕಲ್ತಂಗ ಆಗಲಿಲ್ಲ" ಅಂದರು. ಮೌಶಿಯ ಮಾತನ್ನು ನಾನು ಸುಮ್ನೆ ತಳ್ಳಿಹಾಕಲಿಲ್ಲ. ಕಡ್ಡಿ ಬಿಡಿಸಿದ್ದಲ್ಲ, ಆರನೇ ದಿನಕ್ಕೆ ಮುಂದೆ ಹಾಕಿದ್ದು.

ಈಗ ಮಾಡುವ ಕ್ರಮ ಹೇಳುತ್ತೇನೆ. ಹೊರಸು ಈಗ ಯಾರ ಮನೆಯಲ್ಲಿದೆ? ಪ್ಲಾಸ್ಟಿಕ್ ಕುರ್ಚಿ ಮಗುಚಿ ನೋಡಿದೆ, ಕೆಟ್ಟಿತು. ಅದರ ಕಾಲು ಇಳಿಜಾರು, ದಾರ ಜಾರುತ್ತದೆ. ಅದಕ್ಕಿಂತ ಜಾಸ್ತಿ ತೊಂದರೆ ಏನೆಂದರೆ ಸುತ್ತುತ್ತ ಹೋದ ಹಾಗೆ ಕಾಲುಗಳು ಒಳಗೆ ಬಾಗುತ್ತವೆ, ಹಾಗಾಗಿ ಮೊದಲು ಸುತ್ತಿದ ಎಳೆ ಸಡಿಲ, ಕೊನೆಯವು ಬಿಗಿ, ಗೊಂಡೆ ಒಂದು ಮಗ್ಗುಲು ಬೋಳು. ಕಟ್ಟಿಗೆ ಸ್ಟೂಲು ಬೇಕು, ಕಾಲು ನೆಟ್ಟಗಿರಬೇಕು. ನನ್ನದರಲ್ಲಿ ಎರಡು ಕಾಲಿನ ನಡುವೆ ಸುಮಾರು 16 ಇಂಚು. 75 ಸುತ್ತು ಹಾಕಿಸುತ್ತೇನೆ. ಮೊದಲು 50 ಹಾಕಿಸಿದ್ದೆ, ಗೊಂಡೆಯ ಹೊಟ್ಟೆಯಲ್ಲಿ ಕಟ್ಟಿದ ದಾರ ಕಾಣುತ್ತಿತ್ತು. ಎರಡು ಕಡೆಯ ಎಳೆಗಳನ್ನೂ ಒಟ್ಟಿಗೆ ಹಿಡಿದು ಎರಡೆರಡು ಇಂಚಿಗೆ ಒಂದು ಕಟ್ಟು. ಏಳು ಗೊಂಡೆ ಬರುತ್ತವೆ, ತುದಿಯಲ್ಲಿ ಉಳಿಯುವ ಕುಣಿಕೆಯನ್ನು ಕುಚ್ಚಿಗೆ ತೆಗೆದಿಡುತ್ತೇನೆ. 100 ಗ್ರಾಂ ಉಂಡೆಯಲ್ಲಿ 22, 23 ಗೊಂಡೆ ಆಗುತ್ತವೆ.

ಕಟ್ಟುವುದಕ್ಕೆ ಉಲ್ಲನ್ ದಾರವನ್ನೇ ಬಳಸಬೇಡಿ. ಬಿಗಿ ಎಳೆಯುವಾಗ ಪಟ್ಟನೆ ಹರಿಯುತ್ತದೆ, ಹರಿಯದಿದ್ದರೆ ಹಿಗ್ಗಿ ಆಮೇಲೆ ಸಡಿಲಾಗುತ್ತದೆ. ಮೊದಲು ಕೊಟ್ಟ ಐದಾರು ತೋರಣದ ಗೊಂಡೆಗಳು ವಾರದೊಳಗೆ ಉದುರಿ, ದುಡ್ಡು ವಾಪಸ್ ಕೊಟ್ಟೆ. ಈಗ ಹೂ ಕಟ್ಟುವವರಲ್ಲಿ ಸಿಗುವಂಥ ಗಟ್ಟಿ ನೈಲಾನ್ ದಾರ. ಮೊದಲ ಗಂಟಿನಲ್ಲಿ ಒಂದರ ಬದಲು ಎರಡು ಸಲ ಸುತ್ತಿ ಎಳೆದರೆ ಎರಡನೇ ಗಂಟು ಹಾಕುವವರೆಗೆ ಜಾರದೆ ನಿಲ್ಲುತ್ತದೆ. ಗೊಂಡೆಗೆ ಜೀವ ಅಂದರೆ ಈ ಗಂಟೇ.

ಇಲ್ಲಿ ಒಬ್ಬ ವೈನಿಯ ವಿಷಯ ಹೇಳಲೇಬೇಕು. ಅವರದು ಕಸೂತಿ ಕೈ. ಗವಂತಿ, ಮುರಗಿ, ನೇಯ್ಗಿ, ಮೆಂತಿ ನಾಲ್ಕೂ ಹೊಲಿಗೆ ಚೆನ್ನಾಗಿ ಬರುತ್ತವೆ, ಇಳಕಲ್ ಸೀರೆ ಸೆರಗಿಗೆ ತೇರು, ಆನೆ ತೆಗೆದವರು. ಗಂಟು ಹಾಕ್ರಿ ಅಂದರೆ ಬೆರಳು ಮುಂದೆ ಹೋಗುತ್ತಿರಲಿಲ್ಲ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ಗವಂತಿ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಅವರು ದಾರ ಸುತ್ತಿ, ತುದಿಯನ್ನು ಎಳೆಗಳ ಕೆಳಗೆ ಸೂಜಿಯಿಂದ ತೂರಿಸಿ ಮುಚ್ಚುತ್ತಿದ್ದರು. ಗೊಂಡೆ ಕೊಡವಿದರೆ ಬಿಚ್ಚಿಕೊಳ್ಳುತ್ತಿತ್ತು. ನಾಲ್ಕು ಸಲ ಹೀಗಾದ ಮೇಲೆ ಅವರ ಹೆಬ್ಬೆರಳನ್ನು ನಾನು ಹಿಡಿದು ಗಂಟಿನ ಮೇಲೆ ಒತ್ತಿಸಿದೆ, ಎಳೆಗಳು ಕಚಕ್ಕನೆ ಒಳಗೆ ಕೂತವು, ಕತ್ತರಿಸಿದ ಕೂಡಲೇ ದಾರ ಅರಳಿ ಚೆಂಡಾಯಿತು. "ಅಯ್ಯ, ಚೆಂಡುಹೂವು ಆತಲ್ರೀ!" ಅಂತ ಅದನ್ನು ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಅವರೊಬ್ಬರೇ 200 ದಾಟಿಸಿದರು. ಅವರ ಬಿಗಿ ಕೈ ಕ್ರೋಶಾಕ್ಕೆ ಅಡ್ಡಿ, ಗೊಂಡೆಗೆ ವರ.

ಎರಡು ದಿನ ಗೊಂಡೆ, ಒಂದು ದಿನ ಕುಚ್ಚು, ಎರಡು ದಿನ ಬರೀ ಬೆರಳಿನಿಂದ ಚೈನ್. ಆರನೇ ದಿನ ಕಡ್ಡಿ. ಅಷ್ಟರಲ್ಲಿ ದಾರ ಎಷ್ಟು ಬಿಗಿ ಹಿಡಿಯಬೇಕು ಅನ್ನುವುದು ಬೆರಳಿಗೆ ಗೊತ್ತಾಗಿರುತ್ತದೆ, ಕುಣಿಕೆಯೊಳಗಿಂದ ಕುಣಿಕೆ ಎಳೆಯುವುದು ಹೊಸದಲ್ಲ. ದಪ್ಪ ದಾರ, 5 ಅಥವಾ 6 ಮಿಲಿಮೀಟರ್ ಕಡ್ಡಿ, ತಿಳಿ ಬಣ್ಣ. ಕಪ್ಪು, ಕಡುನೀಲಿ ಕೊಡಲೇಬೇಡಿ, ಸಂಜೆ ಬೆಳಕಿನಲ್ಲಿ ಹೊಲಿಗೆ ಕಾಣುವುದಿಲ್ಲ. ಹಿಂದೆ ಮೂರು ದಿನ ಹಿಡಿಯುತ್ತಿದ್ದ ಸಿಂಗಲ್ ಸಾಲು ಈಗ ಒಂದು ಮಧ್ಯಾಹ್ನಕ್ಕೆ ಬಂತು. ಮೌಶಿ ಬಂದು ನೋಡಿ, ಒಬ್ಬ ಹುಡುಗಿಯ ಪಟ್ಟಿ ತಿರುವಿ ಮುರುವಿ ಎಣಿಸಿ, ಏನೂ ಹೇಳದೆ ಅವಳ ಪಕ್ಕ ಕೂತು ಡಬಲ್ ತೋರಿಸಲು ಶುರುಮಾಡಿದರು. ನನಗೆ ಅಷ್ಟು ಸಾಕಾಗಿತ್ತು.

ತೋರಣದ ಪಟ್ಟಿಯಲ್ಲೂ ಒಮ್ಮೆ ಪೆಟ್ಟು ತಿಂದೆ. ಬರೀ ಚೈನಿಗೆ ಗೊಂಡೆ ಕಟ್ಟಿದರೆ ಎರಡು ದಿನಕ್ಕೆ ಜೋತು ಬಿದ್ದು ಬಾಗಿಲು ದಾಟುವವರ ತಲೆಗೆ ತಾಗುತ್ತದೆ. 40 ಇಂಚಿನದು 46 ಆಗಿತ್ತು. ಚೈನ್ ಮೇಲೆ ಒಂದು ಸಾಲು ಸಿಂಗಲ್ ವಾಪಸ್ ಬರಬೇಕು, ಒಳಗೆ ಒಂದು ಎಳೆ ನೈಲಾನ್ ಸೇರಿಸಿಕೊಂಡು ಹೆಣೆಯಬೇಕು. ಆಗ ಹಿಗ್ಗುವುದಿಲ್ಲ. ಒಂದು ತೋರಣಕ್ಕೆ 11 ಗೊಂಡೆ, 10 ಕುಚ್ಚು, ನಡುವೆ ಮಣಿ.

ಹತ್ತಿ ದಾರದಿಂದಲೂ ಮಾಡಿ ನೋಡಿದ್ದೆ. ನೋಡಲು ಬಹಳ ಚಂದ, ಕುಚ್ಚು ನೆಟ್ಟಗೆ ಇಳಿಯುತ್ತದೆ. ಆದರೆ ಆ ವರ್ಷ ಹಬ್ಬದ ಹಿಂದಿನ ದಿನ ಧಾರವಾಡದಲ್ಲಿ ಮಳೆ ಹಿಡಿಯಿತು. ಕೆಂಪು ಹತ್ತಿ ದಾರ ನೆನೆದು, ಆಗಷ್ಟೇ ಸುಣ್ಣ ಹೊಡೆದ ಗೋಡೆಗೆ ಕುಂಕುಮದ ನೀರು ಇಳಿದ ಹಾಗೆ ಇಳಿದಿತ್ತು. ತಗೊಂಡವರು ಹತ್ತಿರದವರೇ, ಹಬ್ಬದ ದಿನ ಬೇಜಾರು ಮಾಡಿಕೊಂಡರು. ಗೋಡೆಗೆ ಮತ್ತೆ ಸುಣ್ಣ ಹೊಡೆಸಿಕೊಟ್ಟೆ, 600 ರೂಪಾಯಿ. ಅಂದಿನಿಂದ ಯಾವ ಕೆಂಪು ದಾರ ತಂದರೂ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ರಾತ್ರಿಯಿಡೀ ಒತ್ತಿಡುತ್ತೇನೆ. ಸೆಣಬಿನ ದಾರವೂ ಆಯಿತು, ಅದು ಗೊಂಡೆಗೆ ಬಾರದು, ಕುಚ್ಚಿಗೆ ಪರವಾಗಿಲ್ಲ. ಹಳೆ ಬನಿಯನ್ ಅಡ್ಡಡ್ಡ ಪಟ್ಟಿಯಾಗಿ ಕತ್ತರಿಸಿ ಎಳೆದರೆ ತಾನೇ ಸುರುಳಿಯಾಗಿ ದಪ್ಪ ದಾರವಾಗುತ್ತದೆ, ಹುಡುಗರಿಗೆ ಬೆರಳ ಚೈನ್ ಕಲಿಸಲು ಅದಕ್ಕಿಂತ ಒಳ್ಳೆಯದು ಇಲ್ಲ, ಖರ್ಚೂ ಇಲ್ಲ.

ಇನ್ನೊಂದು, ದೀಪ. ಹಬ್ಬವೇ ದೀಪದ್ದು ಅಲ್ವಾ. ನಮ್ಮ ಪೇಟೆಯಲ್ಲಿ ಉಲ್ಲನ್ ಅಂತ ಸಿಗುವುದು ಬಹುಪಾಲು ಅಕ್ರಿಲಿಕ್. ನಾನು ಒಂದೊಂದು ತುಂಡು ಸುಟ್ಟು ನೋಡಿದೆ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಜ್ಜಿದರೆ ಬೂದಿ. ಅಕ್ರಿಲಿಕ್ ಕರಗುತ್ತ ಉರಿದು ತೊಟ್ಟಿಕ್ಕುತ್ತದೆ, ಆರಿದ ಮೇಲೆ ತುದಿಯಲ್ಲಿ ಕರಿ ಗಟ್ಟಿ ಗುಳಿಗೆ. ಅದು ಕೈ ಮೇಲೆ ಬಿದ್ದರೆ ಏನಾಗುತ್ತದೆ ಅಂತ ಯೋಚಿಸಿ. ಆದ್ದರಿಂದ ಹಣತೆ ಸುತ್ತ ಇಡುವ ಉಲ್ಲನ್ ಬಳೆ ಮಾಡಿಸಿ ಅಂತ ಎಷ್ಟು ಜನ ಕೇಳಿದರೂ ನಾನು ಮಾಡಿಸಲ್ಲ. ತೋರಣ ಕೊಡುವಾಗಲೂ ಕೆಳಗೆ ಹಣತೆ ಹಚ್ಚಬೇಡಿ ಅಂತ ಹೇಳಿಯೇ ಕೊಡುತ್ತೇನೆ.

ಹೋದ ವರ್ಷದ ಲೆಕ್ಕ. ಉಲ್ಲನ್ ಐದು ಕಿಲೋ ಹತ್ತಿರ ಹಿಡಿಯಿತು, 3,300 ಚಿಲ್ಲರೆ. ಮಣಿ, ನೈಲಾನ್, ಕವರು ಇನ್ನೊಂದು ಸಾವಿರ. ಒಂದಕ್ಕೆ 220ರಂತೆ ಮಾರಿದ್ದು, 13,000ದ ಮೇಲೆ ಬಂತು. ಉಳಿದ 9,000ವನ್ನು ಮಾಡಿದ ಕೆಲಸ ನೋಡಿ ಹಂಚಿದೆವು. ಕಸೂತಿ ವೈನಿಗೆ 1,400 ಹತ್ತಿರ ಹೋಯಿತು, ಏಳನೇ ತರಗತಿಯ ಹುಡುಗನಿಗೂ 300 ಸಿಕ್ಕಿತು. ದೊಡ್ಡ ದುಡ್ಡಲ್ಲ, ಗೊತ್ತು. ಆದರೆ ಕಲಿಯುವ 20 ದಿನದಲ್ಲಿ ಕೈಯಿಂದ ಹಾಕದೆ ಬಂದ ದುಡ್ಡು. ಕಿಲೋ ಲೆಕ್ಕದಲ್ಲಿ ದಾರ ಎಲ್ಲಿ ತರುತ್ತೇನೆ ಅನ್ನುವುದನ್ನು ಬರೆಯಲ್ಲ, ನನಗೇ ಅಲ್ಲಿ ಸ್ಟಾಕು ಸಾಲುವುದಿಲ್ಲ. ಗೊಂಡೆಯ ಒಳಗೆ ಹೂವಿನ ಎಸಳು ಮೂಡುವ ಹಾಗೆ ಎರಡು ಬಣ್ಣ ಸುತ್ತುವುದೂ ನನ್ನ ಹತ್ತಿರವೇ ಇರಲಿ. ಅದಕ್ಕೆ ನಾನು ಎರಡು ಬೇಸಿಗೆ ಕೊಟ್ಟಿದ್ದೇನೆ. ಧಾರವಾಡದಲ್ಲಿ ಅಷ್ಟು ಸ್ವಚ್ಛ ಎಸಳು ಬೇರೆ ಯಾರ ಗೊಂಡೆಯಲ್ಲೂ ನಾನು ಕಂಡಿಲ್ಲ.

ಉಳಿದ ಕೆಂಪು, ಬಿಳಿ, ಹಸಿರು ಗೊಂಡೆಗಳನ್ನು ತಂತಿ ಬಳೆಗೆ ಪೋಣಿಸಿದರೆ ಡಿಸೆಂಬರಿನಲ್ಲಿ ಕ್ರಿಸ್‌ಮಸ್‌ಗೆ ಬಾಗಿಲಿಗೆ ಹಾಕುವ ಚಕ್ರ ಆಗುತ್ತದೆ. ಏಳು ಮಾಡಿದ್ದೆ, ಏಳೂ ಹೋದವು. ಈ ಸಲ 20 ಮಾಡಿಸಬೇಕು. ಕತ್ತರಿಸಿದ ಚೂರು ಎಸೆಯಬೇಡಿ, ಸೂಜಿ ಚುಚ್ಚಿಡುವ ದಿಂಬಿಗೆ ತುಂಬಿ.

ಹಬ್ಬ ಮುಗಿದ ಮೇಲೆ ಎತ್ತಿಡುವುದನ್ನು ಬಹಳ ಜನ ಕೇಳುತ್ತಾರೆ. ಗೊಂಡೆ ಚಪ್ಪಟೆಯಾದರೆ ಇಸ್ತ್ರಿ ಮುಟ್ಟಿಸಬೇಡಿ. ನಾನು ಹೆಣೆದ 16 ಚೌಕಗಳಿಗೆ ಮುಟ್ಟಿಸಿ, ಅವು ಒದ್ದೆ ಕಾಗದದ ಹಾಗೆ ಜೋಲು ಬಿದ್ದು ಮತ್ತೆ ಮೇಲೇಳಲಿಲ್ಲ. ಕುದಿಯುವ ನೀರಿನ ಹಬೆಗೆ ಒಂದು ಗೇಣು ಮೇಲೆ ಎರಡು ನಿಮಿಷ ಹಿಡಿದು, ಕೊಡವಿ, ಬೆರಳಿನಿಂದ ಬಿಡಿಸಿ. ಅಕ್ರಿಲಿಕ್ಕಿಗೆ ನುಸಿ ಬರುವುದಿಲ್ಲ, ಬೇವಿನ ಎಲೆ ಬೇಡ. ಇಲಿಗೆ ಮಾತ್ರ ಗೂಡು ಕಟ್ಟಲು ಅದೇ ಬೇಕು. ಮುಚ್ಚಳ ಬಿಗಿ ಇರುವ ಸ್ಟೀಲ್ ಡಬ್ಬಿಯಲ್ಲಿ ಇಡಿ.