ಹೋಮ್ ಥಿಯೇಟರ್‌ಗೆ ಪವರ್ ಕಂಡೀಷನರ್: ಮೊದಲು ಅರ್ಥಿಂಗ್, ಆಮೇಲೆ ಡಬ್ಬಿ

ಪವರ್ ಕಂಡೀಷನರ್, ಅಂದರೆ ಕರೆಂಟಿನ ಸ್ಪೈಕ್ ತಡೆದು ಗದ್ದಲ ಸೋಸುವ ಡಬ್ಬಿ, ತಂದು ಟಿವಿ ಹಿಂದೆ ಇಟ್ಟುಬಿಟ್ಟರೆ ಹೋಮ್ ಥಿಯೇಟರ್‌ಗೆ ಇನ್ನು ಭಯವಿಲ್ಲ ಎಂದು ತುಂಬ ಜನ ನಂಬಿದ್ದಾರೆ. ಗದಗ-ಬೆಟಗೇರಿಯ ನಮ್ಮ ಮನೆಯಲ್ಲಿ ನಾನೂ ಒಂದು ಹಾಕಿದ್ದೇನೆ. ಒಳ್ಳೆಯ ವಸ್ತುವೇ. ಆದರೆ ನಮ್ಮ ಕಡೆಯ ಕರೆಂಟಿಗೆ ಅದೊಂದೇ ಸಾಲದು. ಮನೆಯಲ್ಲಿ ಮಾಡಿಸಬೇಕಾದ ಕೆಲಸಗಳ ಸಾಲಿನಲ್ಲಿ ಅದು ಬರುವುದು ಕೊನೆಗೆ. ನಾನು ಯಾವ ಕ್ರಮದಲ್ಲಿ ಮಾಡಿದೆ, ಯಾಕೆ ಹಾಗೆ ಮಾಡಿದೆ ಎಂದು ಬರೆಯುತ್ತೇನೆ.

ನಮ್ಮ ಓಣಿಯಲ್ಲಿ ಪವರ್‌ಲೂಮ್‌ಗಳಿವೆ, ತುದಿಗೆ ಹಿಟ್ಟಿನ ಗಿರಣಿ ಇದೆ. ಗಿರಣಿ ಮೋಟರ್ ಶುರುವಾದಾಗ ಮನೆಯ ಲೈಟು ಒಮ್ಮೆ ಮಂಕಾಗಿ ಮತ್ತೆ ಸರಿಯಾಗುತ್ತದೆ. ರಾತ್ರಿ ಮಗ್ಗಗಳು ನಿಂತ ಮೇಲೆ ವೋಲ್ಟೇಜ್ ಏರುತ್ತದೆ. ಮಲ್ಟಿಮೀಟರ್ ಹಿಡಿದು ಬೇರೆ ಬೇರೆ ಹೊತ್ತಿನಲ್ಲಿ ಸಾಕೆಟ್ ನೋಡುತ್ತಾ ಬಂದೆ. ಸಂಜೆ 190ರ ಆಸುಪಾಸು, ನಡುರಾತ್ರಿ 250 ದಾಟಿ. ನಮ್ಮ ದೇಶದ ಲೆಕ್ಕದಲ್ಲಿ 230 ವೋಲ್ಟ್, ಅದರ ಮೇಲೆ ಕೆಳಗೆ ಶೇಕಡ 10. ಅಂದರೆ 207ರಿಂದ 253ರ ಒಳಗೆ ಇರಬೇಕು.

ಆದರೆ ಸಾಮಾನು ಸುಟ್ಟದ್ದು ಈ ಏರಿಳಿತದಿಂದಲ್ಲ. ಒಂದು ಬೇಸಿಗೆಯ ಸಂಜೆ ಗಾಳಿ ಬೀಸಿ ಕಂಬದ ಮೇಲಿನ ನ್ಯೂಟ್ರಲ್ ತಂತಿ ಹರಿಯಿತು. ಫ್ಯಾನು ಭರ್ರನೆ ತಿರುಗಿತು, ಬಲ್ಬು ಬೆಳ್ಳಗೆ ಉರಿಯಿತು. ಮೇನ್ ಆಫ್ ಮಾಡುವಷ್ಟರಲ್ಲಿ ಸೆಟ್‌ಟಾಪ್ ಬಾಕ್ಸ್ ಹೋಗಿತ್ತು, ಸ್ಪೀಕರ್‌ಗಳನ್ನು ನಡೆಸುವ ರಿಸೀವರ್‌ನ ಪವರ್ ಬೋರ್ಡ್ ಹೋಗಿತ್ತು. ಪಕ್ಕದ ಮನೆಯವರ ಟಿವಿಯೂ ಹೋಯಿತು.

ಇದು ಹೇಗಾಗುತ್ತದೆ ಎಂದು ತಿಳಿದುಕೊಳ್ಳುವುದು ಮುಖ್ಯ. ಕಂಬದಲ್ಲಿ ಬರುವುದು ಕರೆಂಟ್ ತರುವ ಮೂರು ಫೇಸ್, ವಾಪಸ್ ಒಯ್ಯುವ ಒಂದು ನ್ಯೂಟ್ರಲ್. ನಮಗೆ ಒಂದು ಫೇಸ್, ಎದುರಿನ ಮನೆಗೆ ಇನ್ನೊಂದು. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್ ಇದ್ದರೆ ಎರಡು ಫೇಸ್‌ಗಳ ನಡುವೆ 400 ಇರುತ್ತದೆ. ನ್ಯೂಟ್ರಲ್ ಹರಿದಾಗ ಎರಡೂ ಮನೆಗಳು ಒಂದೇ ಸರಪಳಿಯಲ್ಲಿ ಸೇರಿ ಆ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಗೀಸರ್, ಇಸ್ತ್ರಿ ಹಾಕಿಕೊಂಡ ಮನೆಗೆ ಕಡಿಮೆ ಬರುತ್ತದೆ. ಒಂದು ಟಿವಿ, ನಾಲ್ಕು ಲೈಟು ಇರುವ ಮನೆಗೆ ಜಾಸ್ತಿ ಬರುತ್ತದೆ. ಸುಡುವುದು ಎರಡನೆಯ ಮನೆಯ ಸಾಮಾನು.

ಈ ಪೆಟ್ಟನ್ನು ಸಾದಾ ಕಂಡೀಷನರ್ ತಡೆಯುವುದಿಲ್ಲ. ಅದರ ಒಳಗೆ ಕಾವಲಿಗೆ ಇರುವುದು ಎಂಒವಿ. ಬಿಚ್ಚಿ ನೋಡಿದರೆ ಎರಡು ಕಾಲಿನ, ನಾಣ್ಯದಷ್ಟು ಅಗಲದ ಬಿಲ್ಲೆ, ಬಹಳ ಸಲ ನೀಲಿ ಬಣ್ಣದ್ದು. ಒಳಗಿರುವುದು ಜಿಂಕ್ ಆಕ್ಸೈಡ್. ಮಾಮೂಲಿ ವೋಲ್ಟೇಜಿನಲ್ಲಿ ಅದು ಸುಮ್ನೆ ಇರುತ್ತದೆ. ಸಿಡಿಲಿನಿಂದ ಸಾವಿರಾರು ವೋಲ್ಟ್‌ನ ಸ್ಪೈಕ್ ಬಂದಾಗ ಅದನ್ನು ತನ್ನ ಮೂಲಕ ಹರಿಸಿಕೊಂಡು ಮುಂದಿನ ಸಾಮಾನು ಉಳಿಸುತ್ತದೆ. ಆ ಸ್ಪೈಕ್ ಇರುವುದು ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ. ನ್ಯೂಟ್ರಲ್ ಹರಿದರೆ 350 ವೋಲ್ಟ್ ನಿಮಿಷಗಟ್ಟಲೆ ನಿಲ್ಲಬಹುದು. 275 ವೋಲ್ಟಿಗೆ ಮಾಡಿದ ಎಂಒವಿ ಅಷ್ಟು ಹೊತ್ತು ತಡೆಯಲಾರದು. ಬಿಸಿಯೇರುತ್ತದೆ, ಹೊಗೆ ಬರುತ್ತದೆ, ಸಾಯುತ್ತದೆ.

ಹಾಗಾಗಿ ಹೊಸ ರಿಸೀವರ್ ತಂದಾಗ ಡಬ್ಬಿ ಅಂಗಡಿಗೆ ಹೋಗುವ ಬದಲು ನಮ್ಮ ಮನೆಯ ವೈರಿಂಗ್ ಮಾಡಿದ್ದ ಕಾಕಾನನ್ನು ಕರೆದೆ. ಅವರದು ಒಂದೇ ಮಾತು.

"ತಮ್ಮಾ, ಡಬ್ಬಿ ಎಲ್ಲಿ ಹೋಗೂದಿಲ್ಲ. ಮೊದ್ಲ ಅರ್ಥಿಂಗ್ ಐತೋ ಇಲ್ಲೋ ನೋಡೂಣು."

ಅವರ ಚೀಲದಲ್ಲಿ ಹೋಲ್ಡರಿಗೆ ಹಾಕಿದ 100 ವ್ಯಾಟಿನ ಹಳೇ ಬಲ್ಬು ಇತ್ತು. ಎರಡು ತಂತಿಯ ಟೆಸ್ಟ್ ಲ್ಯಾಂಪ್. ಫೇಸ್ ಮತ್ತು ನ್ಯೂಟ್ರಲ್‌ಗೆ ಹಿಡಿದಾಗ ಬಲ್ಬು ಚೆನ್ನಾಗಿ ಉರಿಯಿತು. ಫೇಸ್ ಮತ್ತು ಅರ್ಥ್ ಪಿನ್ನಿಗೆ ಹಿಡಿದಾಗ ತಂತು ಮಾತ್ರ ಕೆಂಪಗೆ ಕಂಡಿತು, ಬೆಳಕೇ ಇಲ್ಲ. ಅಷ್ಟೇ ಹೊತ್ತು, ತಕ್ಷಣ ತೆಗೆದರು. ಇದನ್ನು ನೀವು ಮನೆಯಲ್ಲಿ ಮಾಡಬೇಡಿ. ಅರ್ಥ್ ಕೆಟ್ಟಿದ್ದರೆ ಆ ಕ್ಷಣಕ್ಕೆ ಮನೆಯ ಫ್ರಿಜ್, ಮಿಕ್ಸರ್, ಗೀಸರ್‌ನ ಮೈಯೆಲ್ಲ ಕರೆಂಟ್ ಹಿಡಿಯಬಹುದು. ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್, ಇರುವ ಮನೆಯಲ್ಲಾದರೆ ಅದು ಟ್ರಿಪ್ ಆಗುತ್ತದೆ. ನಮ್ಮ ಹಳೇ ಬೋರ್ಡಿನಲ್ಲಿ ಅದೂ ಇರಲಿಲ್ಲ.

"ಇದು ಅರ್ಥಿಂಗ್ ಅಲ್ಲೋ ತಮ್ಮಾ, ಗ್ವಾಡಿಗೆ ಹೊಡ್ದ ತಂತಿ ಅಷ್ಟ," ಎಂದರು.

ಹಿತ್ತಲಿಗೆ ಹೋಗಿ ಗುಂಡಿಯ ಮುಚ್ಚಳ ತೆಗೆದೆವು. ನಮ್ಮದು ಎರೆ ಮಣ್ಣು. ಒದ್ದೆ ಇದ್ದಾಗ ಅರ್ಥಿಂಗಿಗೆ ಇದರಷ್ಟು ಒಳ್ಳೆಯ ಮಣ್ಣು ಸಿಗುವುದು ಕಷ್ಟ. ಬೇಸಿಗೆಯಲ್ಲಿ ಮಾತ್ರ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಳೇ ಜಿಐ (ಸತುವಿನ ಲೇಪದ ಕಬ್ಬಿಣ) ಪೈಪಿನ ಸುತ್ತ ಮಣ್ಣು ಬೆರಳಗಲ ದೂರ ಸರಿದಿತ್ತು. ಉಪ್ಪು, ಇದ್ದಿಲು ಹಾಕಿದ್ದ ಗುಂಡಿ ಅದು. ಉಪ್ಪಿಗೆ ಪೈಪು ತುಕ್ಕು ಹಿಡಿದಿತ್ತು. ಮೇಲಿನ ಕ್ಲಾಂಪನ್ನು ಕಾಕಾ ಕಟಿಂಗ್ ಪ್ಲೇಯರ್‌ನಿಂದ ಮುಟ್ಟಿದ್ದೇ ತಡ, ಪುಡಿಯಾಗಿ ಉದುರಿತು. ತಂತಿ ಗಾಳಿಯಲ್ಲಿ ನೇತಾಡುತ್ತಿತ್ತು.

ಹೊಸ ಗುಂಡಿ ತೆಗೆಸಿದೆವು. ತಾಮ್ರದ ಲೇಪ ಇರುವ ರಾಡ್, ಸುತ್ತ ಉಪ್ಪಿನ ಬದಲು ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ. ಬೆಂಟೊನೈಟ್ ನೀರು ಹಿಡಿದುಕೊಂಡು ಉಬ್ಬುತ್ತದೆ, ರಾಡನ್ನು ತಬ್ಬಿ ಕೂರುತ್ತದೆ, ಉಪ್ಪಿನ ಹಾಗೆ ಲೋಹ ತಿನ್ನುವುದಿಲ್ಲ. ಅರ್ಥ್ ಟೆಸ್ಟರ್ ಇಟ್ಟು ನೋಡಿದಾಗ 5 ಓಮ್‌ಗಿಂತ ಕಡಿಮೆ ಬಂತು. ಕಾಕಾ ಮನೆಗಳಿಗೆ ಹಿಡಿಯುವ ಲೆಕ್ಕ ಅದೇ.

ಅರ್ಥಿಂಗ್ ಇಲ್ಲದೆ ಕಂಡೀಷನರ್ ಹಾಕಿದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಕಂಡೀಷನರ್‌ನ ಫಿಲ್ಟರ್‌ನಲ್ಲಿ ಫೇಸ್‌ನಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಕರೆಂಟಿನಲ್ಲಿ ಬೆರೆತು ಬರುವ ಗದ್ದಲವನ್ನು ಅರ್ಥ್‌ಗೆ ಇಳಿಸುವುದು ಅವುಗಳ ಕೆಲಸ. ಅರ್ಥ್ ಇಲ್ಲದಿದ್ದರೆ ಅವುಗಳ ನಡುವಿನ ಬಿಂದು, ಅಂದರೆ ನಿಮ್ಮ ರಿಸೀವರ್‌ನ ಲೋಹದ ಮೈ, ಅರ್ಧ ವೋಲ್ಟೇಜಿಗೆ ಏರಿ ಕೂರುತ್ತದೆ. ಕರೆಂಟ್ ತೀರಾ ಕಡಿಮೆ, ಆದರೂ ಎಚ್‌ಡಿಎಂಐ ಕೇಬಲ್ ಚುಚ್ಚುವಾಗ ಬೆರಳು ಜುಂ ಎನ್ನುತ್ತದೆ. ತುಂಬ ಮನೆಗಳಲ್ಲಿ ಇದನ್ನು "ಸ್ವಲ್ಪ ಶಾಕ್ ಹೊಡೀತದ, ಅಷ್ಟೇ" ಎಂದು ಬಿಟ್ಟುಬಿಡುತ್ತಾರೆ. ಎಚ್‌ಡಿಎಂಐ ಪೋರ್ಟ್ ಸುಡುವುದಕ್ಕೆ ಅದೂ ಒಂದು ಕಾರಣ ಆಗುತ್ತದೆ.

ಆಮೇಲೆ ಡಿಬಿ, ಅಂದರೆ ಮನೆಯ ಲೈನುಗಳೆಲ್ಲ ಕವಲೊಡೆಯುವ ಮುಖ್ಯ ಬೋರ್ಡು. ಇಲ್ಲಿ ಮೂರು ಸಾಮಾನು ಹಾಕಿಸಿದೆ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅದು ಜೀವ ಉಳಿಸಲಿಕ್ಕೆ. ಎರಡನೆಯದು ಓವರ್-ಅಂಡರ್ ವೋಲ್ಟೇಜ್ ರಿಲೇ. ವೋಲ್ಟೇಜ್ 265 ದಾಟಿದರೆ, 170ಕ್ಕಿಂತ ಕೆಳಗೆ ಹೋದರೆ ಮನೆಯನ್ನೇ ಕತ್ತರಿಸುವ ಹಾಗೆ ಸೆಟ್ ಮಾಡಿದ್ದೇನೆ. ಸರಿಯಾದ ಮೇಲೂ ಸ್ವಲ್ಪ ಹೊತ್ತು ಕಾದು ಮತ್ತೆ ಸೇರಿಸುತ್ತದೆ. ನ್ಯೂಟ್ರಲ್ ಹರಿದರೆ ಕೈ ಹಿಡಿಯುವುದು ಇದು. ನನ್ನನ್ನು ಕೇಳಿದರೆ ಕಂಡೀಷನರ್‌ಗೆ ದುಡ್ಡು ಸಾಲದಿದ್ದರೂ ಚಿಂತೆ ಇಲ್ಲ, ಇದೊಂದನ್ನು ಬಿಡಬೇಡಿ.

ಮೂರನೆಯದು ಎಸ್‌ಪಿಡಿ (ಸರ್ಜ್ ತಡೆಯುವ ಸಾಧನ), ಡಿಬಿಯಲ್ಲಿ ಕೂರುವ ಟೈಪ್ 2. ಲೈನಿನಲ್ಲಿ ಬರುವ ಸಿಡಿಲಿನ ಪೆಟ್ಟನ್ನು ಬಾಗಿಲಲ್ಲೇ ಇಳಿಸುತ್ತದೆ. ಇದರ ತಂತಿ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಎಲ್ಲ ಸೇರಿ ಅರ್ಧ ಮೀಟರ್ ಮೀರಬಾರದು. ಸಿಡಿಲಿನ ಪೆಟ್ಟು ಹರಿಯುವಾಗ ಒಂದು ಮೀಟರ್ ತಂತಿಯ ಮೇಲೇ ಸುಮಾರು ಸಾವಿರ ವೋಲ್ಟ್ ಏಳಬಹುದು. ಅಂದವಾಗಿ ಕಾಣಲಿ ಎಂದು ತಂತಿಯನ್ನು ಸುತ್ತು ಹಾಕಿ ಕಟ್ಟಿದರೆ ಕೆಲಸ ಕೆಡುತ್ತದೆ. ಕಾಕಾ ಹಾಕುವಾಗ ನಾನು ಪಕ್ಕದಲ್ಲೇ ನಿಂತು ಚಿಕ್ಕದಾಗಿ ಕತ್ತರಿಸಿಸಿದೆ. ಡಿಬಿ ಕೆಲಸ ಮಾತ್ರ ಲೈಸೆನ್ಸ್ ಇರುವವರಿಂದಲೇ ಮಾಡಿಸಿ.

ಹೋಮ್ ಥಿಯೇಟರ್‌ಗೆ ಬೇರೆ ಲೈನ್ ಎಳೆಸಿದೆ. 2.5 ಚದರ ಮಿಲಿಮೀಟರ್ ತಂತಿ, ಅದಕ್ಕೊಂದು 16 ಆಂಪಿಯರ್ ಎಂಸಿಬಿ, ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್. ಇದರಿಂದ ಬಂದ ಲಾಭ ಕಿವಿಗೇ ಗೊತ್ತಾಯಿತು. ಮೊದಲು ಸಬ್‌ವೂಫರ್ ಹಿಂದಿನ ಗೋಡೆಯ ಬೇರೆ ಸಾಕೆಟ್‌ನಲ್ಲಿತ್ತು. ಸ್ಪೀಕರ್‌ನಲ್ಲಿ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಸಿನಿಮಾ ನೋಡುವಾಗ ತಿಳಿಯುವುದಿಲ್ಲ. ನಾನು ಭೀಮಸೇನ ಜೋಶಿಯವರ ಹಾಡು ಕೇಳುವವನು, ಅವರು ನಮ್ಮ ಗದಗಿನವರೇ ಅಲ್ವಾ. ಆಲಾಪ ಶುರುವಾಗುವ ಮೊದಲು ಬರೀ ತಂಬೂರಿ ಮೀಟುವಾಗ ಈ ಗುಂಯ್ ಅದರ ಕೆಳಗೆ ಬೇಸುರಾಗಿ ಕೇಳುತ್ತಿತ್ತು. ಎರಡು ಸಾಕೆಟ್‌ಗಳ ಅರ್ಥ್ ಬೇರೆ ಬೇರೆ ದಾರಿಯಲ್ಲಿ ಹೋಗಿ, ಸಬ್‌ವೂಫರ್ ಕೇಬಲ್ ಮೂಲಕ ಒಂದು ಸುತ್ತು ಆಗಿದ್ದೇ ಕಾರಣ. ಎಲ್ಲವನ್ನೂ ಒಂದೇ ಲೈನಿಗೆ ತಂದ ಮೇಲೆ ನಿಂತಿತು. ಕೆಲವರು ಇದಕ್ಕೆ ಅರ್ಥ್ ಪಿನ್ ಕಿತ್ತು ಹಾಕಿ ಎಂದು ಸಲಹೆ ಕೊಡುತ್ತಾರೆ. ದಯವಿಟ್ಟು ಕೇಳಬೇಡಿ, ಅದು ಜೀವಕ್ಕೆ ಅಪಾಯ.

ಇಷ್ಟಾದ ಮೇಲೆ ಡಬ್ಬಿ ಕೊಂಡೆ. ಹುಬ್ಬಳ್ಳಿಗೆ ಹೋಗಿ ನೋಡಿದೆ. ಸ್ಪೈಕ್ ಗಾರ್ಡ್ ಎಂದು ಮಾರುವ ಎಷ್ಟೋ ಪೆಟ್ಟಿಗೆಗಳ ಮೇಲೆ ಜೂಲ್ (ಎಷ್ಟು ಪೆಟ್ಟು ನುಂಗಬಲ್ಲದು) ಎಷ್ಟು, ಕ್ಲ್ಯಾಂಪಿಂಗ್ ವೋಲ್ಟೇಜ್ (ಸ್ಪೈಕನ್ನು ಎಷ್ಟಕ್ಕೆ ತಡೆದು ನಿಲ್ಲಿಸುತ್ತದೆ) ಎಷ್ಟು ಎಂದು ಬರೆದೇ ಇರಲಿಲ್ಲ. ಅವನ್ನು ಬಿಟ್ಟೆ. ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರೂ ಕಡೆ ಎಂಒವಿ ಇರುವ, ಗದ್ದಲ ಸೋಸುವ ಇಎಂಐ ಫಿಲ್ಟರ್ ಇರುವ, 10 ಆಂಪಿಯರ್‌ನದ್ದು ತಂದೆ. ಸೆಟ್‌ಟಾಪ್ ಬಾಕ್ಸ್ ಮೊದಲು, ಸಬ್‌ವೂಫರ್ ಕೊನೆಗೆ ಆನ್ ಆಗುವ ವ್ಯವಸ್ಥೆ ಅದರಲ್ಲಿದೆ. ಸ್ಪೀಕರ್‌ಗೆ ಧಡ್ ಎಂಬ ಹೊಡೆತ ಬೀಳುವುದಿಲ್ಲ. ಅಮೆರಿಕದಿಂದ ಬಂದ ಸೆಕೆಂಡ್‌ಹ್ಯಾಂಡ್ ಕಂಡೀಷನರ್ ಅಗ್ಗಕ್ಕೆ ಸಿಕ್ಕರೂ ಬೇಡ. ಅವು 120 ವೋಲ್ಟಿನವು. ನಮ್ಮ ಸಾಕೆಟ್‌ಗೆ ಹಾಕಿದರೆ ಆವತ್ತೇ ಸುಡುತ್ತವೆ.

ಇದರಿಂದ ದನಿ ಸುಧಾರಿಸಿತೇ ಎಂದು ಗೆಳೆಯರು ಕೇಳುತ್ತಾರೆ. ಗುಂಯ್ ಹೋದದ್ದು ವೈರಿಂಗಿನಿಂದ. ಕಂಡೀಷನರ್ ಹಾಕಿದ ಮೇಲೆ ಮಗ್ಗ ನಡೆಯುವ ಹೊತ್ತಿನ ಚಿಟಚಿಟ ನಿಂತಿತು. ಅದಕ್ಕಿಂತ ಬೇರೆ ವ್ಯತ್ಯಾಸ ನನ್ನ ಕಿವಿಗೆ ಕೇಳಿಲ್ಲ.

ವೋಲ್ಟೇಜ್ ಇಳಿದರೆ ಅದನ್ನು ಎತ್ತುವ ಕೆಲಸ ಕಂಡೀಷನರ್ ಮಾಡುವುದಿಲ್ಲ, ಅದಕ್ಕೆ ಸ್ಟೆಬಿಲೈಸರ್ ಬೇಕು. ಕೊಳ್ಳುವ ಮೊದಲು ಸಾಮಾನಿನ ಹಿಂದಿನ ಲೇಬಲ್ ಓದಿ. ನಮ್ಮ ಟಿವಿ ಮೇಲೆ 100-240 ವೋಲ್ಟ್ ಎಂದಿದೆ, ಅದಕ್ಕೆ 190 ಏನೂ ಲೆಕ್ಕವಿಲ್ಲ. ರಿಸೀವರ್ ಮೇಲೆ 230 ಎಂದಷ್ಟೇ ಇದೆ, ಒಳಗೆ ದಪ್ಪ ಟ್ರಾನ್ಸ್‌ಫಾರ್ಮರ್. ಅದಕ್ಕೂ ಸಬ್‌ವೂಫರ್‌ಗೂ ಸೇರಿ 2 ಕೆವಿಎ ಸರ್ವೋ (ಮೋಟರಿನಿಂದ ವೋಲ್ಟೇಜ್ ಹೊಂದಿಸುವ) ಸ್ಟೆಬಿಲೈಸರ್ ಹಾಕಿ ಪಡಸಾಲೆಯಿಂದ ಆಚೆ ಇಟ್ಟಿದ್ದೇನೆ. ರಿಲೇ ಮಾದರಿಯದು ಅಗ್ಗ, ಆದರೆ ಟಕ್ ಟಕ್ ಸದ್ದು ಹಾಡಿನ ನಡುವೆ ಬರುತ್ತದೆ. ಇನ್ವರ್ಟರ್ ಮೇಲೆ ಟಿವಿ, ಸೆಟ್‌ಟಾಪ್ ಬಾಕ್ಸ್ ಮಾತ್ರ. ಸ್ಕ್ವೇರ್ ವೇವ್ ಇನ್ವರ್ಟರಿಗೆ ಟ್ರಾನ್ಸ್‌ಫಾರ್ಮರ್ ಇರುವ ರಿಸೀವರ್ ಹಾಕಿದರೆ ಅದು ಗುರುಗುಟ್ಟುತ್ತದೆ, ಕಾಯುತ್ತದೆ.

ಇಷ್ಟೆಲ್ಲ ಇದ್ದರೂ ನೇರ ಸಿಡಿಲಿಗೆ ಯಾವ ಡಬ್ಬಿಯೂ ಅಡ್ಡ ನಿಲ್ಲುವುದಿಲ್ಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಮೋಡ ಕಟ್ಟಿತು ಅಂದರೆ ಗುಡುಗು ಶುರುವಾಗುವ ಮೊದಲೇ ಪ್ಲಗ್ ತೆಗೆಯುತ್ತೇವೆ, ಡಿಶ್ ಕೇಬಲ್ ಕೂಡ ಬಿಚ್ಚುತ್ತೇವೆ. ಕರೆಂಟ್ ದಾರಿಯನ್ನು ಭದ್ರ ಮಾಡಿ ಡಿಶ್ ಕೇಬಲ್ ಹಾಗೇ ಬಿಟ್ಟರೆ ಪೆಟ್ಟು ಅಲ್ಲಿಂದ ಬಂದು, ಸೆಟ್‌ಟಾಪ್ ಬಾಕ್ಸ್ ದಾಟಿ, ಎಚ್‌ಡಿಎಂಐ ಹಿಡಿದು ರಿಸೀವರ್‌ಗೆ ತಲುಪುತ್ತದೆ. ಎಸ್‌ಪಿಡಿಯ ಸಣ್ಣ ಕಿಟಕಿ ಹಸಿರಿದೆಯೋ ಕೆಂಪಾಗಿದೆಯೋ ಎಂದು ಪ್ರತಿ ಗುಡುಗು ಮಳೆಯ ನಂತರ ನೋಡುತ್ತೇನೆ. ಅದರೊಳಗೂ ಇರುವುದು ಎಂಒವಿಯೇ, ಪ್ರತಿ ಪೆಟ್ಟಿಗೂ ಒಂದಿಷ್ಟು ಸವೆಯುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕುವುದನ್ನು ಮನೆಯಲ್ಲಿ ಅವ್ವನೇ ನೋಡಿಕೊಳ್ಳುತ್ತಾಳೆ, ತುಳಸಿಗೆ ಹಾಕುವಾಗಲೇ ಅದಕ್ಕೂ.

ಬಾಕಿ ಇರುವುದು ಮಾಳಿಗೆ ಮೇಲಿನ ಡಿಶ್. ಅದರ ಕಬ್ಬಿಣದ ಕಾಲು ಇನ್ನೂ ಅರ್ಥ್‌ಗೆ ಸೇರಿಲ್ಲ. ಅದಕ್ಕೆ ಬೇರೆ ಗುಂಡಿ ಬೇಡ, ಇದ್ದ ಅರ್ಥಿಂಗಿಗೇ ಜೋಡಿಸಬೇಕು, ಎರಡು ಅರ್ಥ್ ಬೇರೆ ಬೇರೆ ಇದ್ದರೆ ಪೆಟ್ಟು ಬಿದ್ದಾಗ ಅವುಗಳ ನಡುವಿನ ವ್ಯತ್ಯಾಸ ನಮ್ಮ ಸಾಮಾನಿನ ಮೂಲಕವೇ ಹರಿಯುತ್ತದೆ ಎಂದು ಕಾಕಾ ಹೇಳಿದ್ದಾರೆ. ರೋಹಿಣಿ ಮಳೆಗೆ ಮೊದಲು ಬಂದು ಮಾಡಿಕೊಡುವುದಾಗಿ ಒಪ್ಪಿದ್ದಾರೆ.